ಸೇಡಂನವರು ಫೋನ್ ಹಚ್ಚಿದರೆ ನಿಮಗ್ಯಾಕ್ರಿ ನಗು?

ರೇಡಿಯೊಕ್ಕೆ ಫೋನ್ ಹಚ್ಚಿ ಹಾಡು ಕೇಳುವವರು, ಒಗಟು ಬಿಡಿಸುವವರು, ನಿರೂಪಕ ಹೇಳಿದನೆಂದು ಕೋಳಿ ಕೂಗಿದ ಹಾಗೆ ಕೂಗಿ ತೋರಿಸುವವರು ಕೆಲಸವಿಲ್ಲದ ಮಂದಿ ಎಂಬ ಮಾತು ನಮ್ಮಲ್ಲಿ ಚೆನ್ನಾಗಿ ಚಲಾವಣೆಯಲ್ಲಿದೆ. ಇದನ್ನು ಹೇಳುವವರು ಬೆಂಗಳೂರಿನವರೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಜೊತೆ ಕೂತು ಅಭಿವೃದ್ಧಿ ಸಂವಹನದ ಪೇಪರ್ ಬರೆದವರೇ ಹೇಳುತ್ತಾರೆ. ‘ಫೋನ್-ಇನ್‌ನಲ್ಲಿ ಕಂಟೆಂಟ್ ಎಲ್ಲಿದೆ? ಊಟ ಆಯ್ತಾ, ಏನು ಪಲ್ಯ, ಯಾವ ಹಾಡು ಬೇಕು, ಯಾರಿಗೆ ಹೇಳಬೇಕು, ಮುಗೀತು. ಇದರ ಬದಲು ಒಂದು ಗಂಭೀರ ಚರ್ಚೆ ಇಟ್ಟಿದ್ದರೆ?’ ಎಂದು ಕೇಳುತ್ತಾರೆ. ಪ್ರಶ್ನೆ ಸಭ್ಯವಾಗಿಯೇ ಇದೆ. ಆದರೆ ಅದರ ಒಳಗಿರುವ ತಾತ್ಸಾರವನ್ನು ಒಪ್ಪಲು ನನ್ನಿಂದಾಗದು.

ನನ್ನ ವಾದ ಇಷ್ಟೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಸಾಮಾನ್ಯ ಮನುಷ್ಯನೊಬ್ಬ ತನ್ನ ಬಾಯಿಂದ, ತನ್ನ ಮಾತಿನಲ್ಲಿ, ತನ್ನ ಊರಿನ ಹೆಸರು ಹೇಳಿ ರೇಡಿಯೊದಲ್ಲಿ ಮಾತಾಡುವ ಜಾಗ ಈಗ ಹೆಚ್ಚುಕಡಿಮೆ ಆ ತಮಾಷೆಯ ತಾಸು ಒಂದೇ. ಮಿಕ್ಕ ತಾಸುಗಳಲ್ಲಿ ಅವನು ಕೇಳುಗ. ಈ ಒಂದು ತಾಸಿನಲ್ಲಿ ಮಾತ್ರ ರೇಡಿಯೊ ಅವನ ಮಾತು ಕೇಳುತ್ತದೆ. ಅದನ್ನು ‘ಟೈಂಪಾಸ್’ ಎಂದು ಕರೆದು ಕಿತ್ತು ಹಾಕಲು ಹೊರಟವರ ಸಾಲಿನಲ್ಲಿ ಗ್ರಾಮೀಣ ಪತ್ರಿಕೋದ್ಯಮ ಓದಿದವರು ನಿಲ್ಲಬಾರದು.

ಹಾಗಂತ ಎಲ್ಲ ತಮಾಷೆಯನ್ನೂ ನಾನು ಒಪ್ಪುತ್ತೇನೆ ಎಂದುಕೊಳ್ಳಬೇಡಿ. ಕೇಳುಗನನ್ನು ಕೋಡಂಗಿ ಮಾಡುವ ಫೋನ್ ಕೀಟಲೆಯ ಬಗ್ಗೆ ಹೇಳುವುದಿದೆ. ಮೊದಲು ಈ ‘ಗಂಭೀರ’ ಮಂದಿಯ ಲೆಕ್ಕ ಚುಕ್ತಾ ಮಾಡೋಣ.

ಜನಕ್ಕೆ ಏನು ಹಿಡಿಸಬೇಕು ಎಂದು ಮೇಲಿನವರು ತೀರ್ಮಾನಿಸಿದ ಚರಿತ್ರೆ ನಮ್ಮ ರೇಡಿಯೊಕ್ಕೆ ಹೊಸದಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ನಿಜವಾದ ಪ್ರೀತಿ ಇತ್ತು, ಅದನ್ನು ಒಪ್ಪೋಣ. ಆದರೆ ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂದು ಆಕಾಶವಾಣಿಯಿಂದ ಅದನ್ನು ಹೊರದಬ್ಬಿದರು. ಜನ ಏನು ಮಾಡಿದರು? ಶಾಸ್ತ್ರೀಯ ಸಂಗೀತ ಕೇಳಲು ಕೂತರೇ? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅದೇ 1952ರ ಕೊನೆಗೆ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು, ಕೇಳುಗರ ಪತ್ರಗಳು ರಾಶಿ ರಾಶಿ ಬಂದವು. ಐದು ವರ್ಷ ಕೇಳುಗರನ್ನು ಕಳೆದುಕೊಂಡ ಮೇಲೆ, 1957ರ ಅಕ್ಟೋಬರ್ 3ರಂದು ಸರಕಾರವೇ ವಿವಿಧ ಭಾರತಿ ಶುರು ಮಾಡಬೇಕಾಯಿತು. ಅಂದರೆ ಹಗುರವಾದದ್ದನ್ನು ಹೊರಗಟ್ಟಿದ ಸಂಸ್ಥೆ ಅದೇ ಹಗುರವಾದದ್ದನ್ನು ಆರತಿ ಎತ್ತಿ ಒಳಗೆ ಕರೆದುಕೊಂಡಿತು.

ವಿವಿಧ ಭಾರತಿ ಬಂದ ಮೇಲೆ ಝುಮ್ರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಗೊತ್ತಾಯಿತು. ಈಗಿನ ಝಾರ್ಖಂಡಿನ ಕೋಡರ್ಮಾ ಜಿಲ್ಲೆಯ ಅಭ್ರಕದ ಗಣಿಗಳ ಊರು ಅದು. ಅಲ್ಲಿನವರು ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಮೆಚ್ಚಿನ ಹಾಡಿಗೆ ಕಾರ್ಡು ಬರೆಯುತ್ತಿದ್ದರು. ಎಷ್ಟು ಬರೆದರೆಂದರೆ, ‘ಅಂಥ ಒಂದು ಊರೇ ಇಲ್ಲ, ರೇಡಿಯೊದವರು ಹುಟ್ಟಿಸಿದ ಹೆಸರು’ ಎಂದು ನಂಬಿದವರೂ ಇದ್ದರು. ಹಿಂದಿ ಸಿನಿಮಾದವರು ಆ ಹೆಸರನ್ನು ನಗೆಚಾಟಿಕೆಗೆ ಬಳಸಿದರು. ಕೇಳುಗರಿಗೆ ಬೇರೆ ಕೆಲಸ ಇರಲಿಲ್ಲವೇ? ಇತ್ತು, ಗಣಿ ಕೆಲಸ ಇತ್ತು. ನೆಲದೊಳಗೆ ಇಳಿದು ಅಭ್ರಕ ತೆಗೆಯುವವನಿಗೆ ತನ್ನ ಹೆಸರು ಆಕಾಶದಲ್ಲಿ ಕೇಳಿದರೆ ಏನನಿಸುತ್ತದೆ ಎಂದು ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವನಿಗೆ ಹೇಳಿಕೊಡಬೇಕಿಲ್ಲ. ಅರ್ಧ ದೇಶದ ಪಡಸಾಲೆಗೆ, ರೈಲು ನಿಲ್ದಾಣಕ್ಕೆ, ಶಾಲೆಗೆ ಹಾಸಿರುವುದು ಅವನು ಎಬ್ಬಿಸಿದ ಕಲ್ಲು. ಆ ಕಲ್ಲಿಗೆ ಊರಿನ ಹೆಸರು ಅಂಟಿದೆ, ಅದನ್ನು ಎಬ್ಬಿಸಿದವನ ಹೆಸರನ್ನು ಯಾರೂ ಕೇಳಿಲ್ಲ. ದಿನಕ್ಕೊಮ್ಮೆ ಯಾರೋ ಒಬ್ಬರು ‘ಹಲೋ, ಯಾರ್ ಮಾತಾಡ್ಲತ್ತೀರಿ, ಎಲ್ಲಿಂದ?’ ಅಂದರೆ ಅದು ಅವನಿಗೆ ಸಣ್ಣ ಮಾತಲ್ಲ.

ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರಲ್ಲಿ. ಧಾರವಾಡಕ್ಕೆ 1950ರಲ್ಲೇ ಬಂದಿತ್ತು. ಈ ಹದಿನಾರು ವರ್ಷದ ಅಂತರ ನಮ್ಮ ಭಾಗದ ಉಳಿದ ಎಲ್ಲ ಅಂತರಗಳ ಹಾಗೆಯೇ, ಹೆಚ್ಚು ಹೇಳುವುದಿಲ್ಲ. 1107ರ ಮಧ್ಯಮ ತರಂಗದ ದನಿ ಕೇಳಿಕೊಂಡು ಬೆಳೆದ ಮನೆಗಳಲ್ಲಿ ನಮ್ಮವೂ ಇವೆ. ಹೊಲದ ಬದುವಿನ ಮೇಲೆ, ಹೋಟೆಲಿನ ಗಲ್ಲೆಯ ಪಕ್ಕ, ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅದು ಕೇಳುತ್ತಿತ್ತು. ಆಗ ಪತ್ರ ಬರೆಯುತ್ತಿದ್ದರು, ಆಮೇಲೆ ಫೋನ್ ಹಚ್ಚಿದರು, ಈಗ ವಾಟ್ಸಾಪಿನಲ್ಲಿ ದನಿ ಮುದ್ರಿಸಿ ಕಳಿಸುತ್ತಾರೆ.

ಈಗ ಆ ‘ಕಂಟೆಂಟ್ ಎಲ್ಲಿದೆ’ ಎಂಬ ಪ್ರಶ್ನೆಗೆ ಬರುತ್ತೇನೆ.

ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿ ಎರಡೂ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಇದು ನಮ್ಮ ದೇಶದ ನಿಯಮ. 2011ರ ನೀತಿಯಲ್ಲಿ ಸ್ವಲ್ಪ ಸಡಿಲಿಸಿ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಮರುಪ್ರಸಾರ ಮಾಡಬಹುದು ಎಂದರು. ಅದರ ಜೊತೆಗೆ ಕೆಲವನ್ನು ‘ಸುದ್ದಿ ಅಲ್ಲ’ ಎಂದು ಪಟ್ಟಿ ಮಾಡಿ ಬಿಟ್ಟುಕೊಟ್ಟರು. ಅದರಲ್ಲಿ ಹವಾಮಾನ, ಸಂಚಾರ, ಪರೀಕ್ಷೆ ಫಲಿತಾಂಶ ಇವೆ. ನೀರು, ಕರೆಂಟು, ರೋಗದ ಎಚ್ಚರಿಕೆಯಂಥ ಪ್ರಕಟಣೆಗಳೂ ಇವೆ, ಆದರೆ ಒಂದು ಕೊಕ್ಕೆ ಹಾಕಿ. ಆ ಮಾಹಿತಿ ಸ್ಥಳೀಯ ಆಡಳಿತ ಕೊಟ್ಟದ್ದಾಗಿರಬೇಕು.

ಇದರ ಅರ್ಥವನ್ನು ಬಿಡಿಸಿ ನೋಡಿ. ‘ನಾಳೆ ನೀರು ಬರುತ್ತದೆ’ ಎಂದು ಆಡಳಿತ ಹೇಳಿದರೆ ಅದು ಪ್ರಕಟಣೆ, ಪ್ರಸಾರ ಮಾಡಬಹುದು. ‘ಎಂಟು ದಿನದಿಂದ ನೀರು ಬಂದಿಲ್ಲ’ ಎಂದು ಕೊಡ ಹಿಡಿದು ನಿಂತ ಹೆಂಗಸು ಹೇಳಿದರೆ ಅದು ಸುದ್ದಿ, ಪ್ರಸಾರ ಮಾಡಿದರೆ ಲೈಸೆನ್ಸಿಗೆ ಕುತ್ತು. ನೀರು ಬಿಡುವವರಿಗೆ ರೇಡಿಯೊ ಉಂಟು, ಅದಕ್ಕೆ ಕಾಯುವವರಿಗೆ ಇಲ್ಲ. ಟಿವಿಗೆ ಈ ಅಡ್ಡಿ ಇಲ್ಲ, ಪತ್ರಿಕೆಗೆ ಇಲ್ಲ, ಯೂಟ್ಯೂಬಿನಲ್ಲಿ ಮೈಕ್ ಹಿಡಿದ ಯಾರಿಗೂ ಇಲ್ಲ. ಅತ್ಯಂತ ಬಡವನ ಕೈಯಲ್ಲಿದ್ದ ಮಾಧ್ಯಮದ ಬಾಯಿಗೇ ಬಟ್ಟೆ ಕಟ್ಟಿದ್ದಾರೆ.

ಆದರೆ ನಗೆಚಾಟಿಕೆಗೆ ಬಟ್ಟೆ ಕಟ್ಟಲು ಯಾರಿಂದಲೂ ಆಗಿಲ್ಲ.

ಸಿಮೆಂಟಿನ ಊರಿನ ಅಕ್ಕ ಒಬ್ಬಾಕೆ ಫೋನ್ ಹಚ್ಚುತ್ತಾಳೆ ಎಂದುಕೊಳ್ಳಿ. ‘ಏನ್ ಕೆಲಸ ನಡದದ ಅಕ್ಕೋರ?’ ಅಂತ ನಿರೂಪಕಿ ಕೇಳಿದರೆ, ‘ಬಟ್ಟಿ ಒಗದು ಹಾಕೀನಿ ನೋಡ್ರಿ. ನಮ್ಮೂರಾಗ ಅಂಗಿಗಿ ಗಂಜಿ ಹಾಕೋದೇ ಬ್ಯಾಡ. ಹಗ್ಗದ ಮ್ಯಾಲ ಹಾಕಿದ್ರ ಸಾಕು, ತಾನೇ ಕಡಕ್ ಆಗ್ತಾವ’ ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ, ಹಾಡು ಬರುತ್ತದೆ. ಇದು ಸುದ್ದಿಯೇ? ಅಲ್ಲ. ನಿಯಮ ಮುರಿದರೇ? ಇಲ್ಲ. ಆದರೆ ವಾಡಿಯಿಂದ ಮಳಖೇಡದವರೆಗೆ ಕೇಳಿದ ಪ್ರತಿ ಮನೆಗೂ ಅದೇನೆಂದು ಗೊತ್ತು. ತೊಗರಿ ಮಾರಿ ಬಂದ ಸೇಡಂ ಕಡೆಯ ರೈತ ‘ಇವತ್ತ ರೇಟ್ ಕೇಳಿ ಬಂದೀನ್ರಿ, ಯಾವದರೆ ಒಂದ್ ದುಃಖದ ಹಾಡ ಹಾಕ್ರಿ’ ಅಂದರೆ ಅದಕ್ಕಿಂತ ನಿಖರವಾದ ಮಾರುಕಟ್ಟೆ ವರದಿಯನ್ನು ನೀವು ನಾನು ಬರೆಯಬಲ್ಲೆವೇ? ಚಿಂಚೋಳಿಯ ತಾಂಡಾದ ಹುಡುಗನೊಬ್ಬ ಒಗಟು ಹಾಕುತ್ತಾನೆ: ‘ಬರ್ತದ ಅಂತಾರ, ಬರಂಗಿಲ್ಲ. ಬಂದ್ರ ನಿಲ್ಲಂಗಿಲ್ಲ. ನಿಂತ್ರ ಹೋಗಂಗಿಲ್ಲ. ಏನದು?’ ನಿರೂಪಕನಿಗೆ ಹೊಳೆಯದಿದ್ದರೆ ಹುಡುಗನೇ ಹೇಳುತ್ತಾನೆ, ‘ನಮ್ಮೂರ್ ಬಸ್!’

ಇಂಥವನ್ನು ನಾನು ಇಲ್ಲಿ ಮಾದರಿಗೆ ಕಟ್ಟಿ ಹೇಳಿದ್ದೇನೆ. ಆದರೆ ಸಂಜೆ ಕೂತು ಒಂದು ವಾರ ಕೇಳಿ ನೋಡಿ, ಇದಕ್ಕಿಂತ ಚುರುಕಾದವು ನಿಮಗೇ ಸಿಗುತ್ತವೆ. ಕೇಳುವ ಕಿವಿ ಇದ್ದರೆ ಆ ತಾಸು ಒಂದು ತಾಲೂಕು ವರದಿ. ಯಾವ ಊರಿನಲ್ಲಿ ಇವತ್ತು ಕರೆಂಟಿಲ್ಲ, ಯಾವ ಊರಲ್ಲಿ ಜಾತ್ರೆ, ಎಲ್ಲಿ ರಾಶಿ ನಡೆದಿದೆ, ಯಾರ ಮನೆಯ ಹುಡುಗರು ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋಗಿದ್ದಾರೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ದೂರದಲ್ಲಿರುವ ಮಗನಿಗೆ ಒಂದು ಹಾಡು ಕಳಿಸುವ ತಾಯಿ ಗುಳೆಯ ಅಂಕಿಸಂಖ್ಯೆ ಹೇಳುವುದಿಲ್ಲ, ಗುಳೆ ಅಂದರೆ ಏನೆಂದು ಹೇಳುತ್ತಾಳೆ.

ಇದು ಎಲ್ಲಿಂದಲೋ ಬಂದ ಕಲೆಯೂ ಅಲ್ಲ. ನಮ್ಮ ಸೀಮೆಯಲ್ಲಿ ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಹಾಡಿಗೆ ಹಾಡು ಎದುರಿಟ್ಟು ಕಾದಾಡುತ್ತಿದ್ದವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ, ಸವಾಲು, ಜವಾಬು, ನಡುನಡುವೆ ಕಟ್ಟೆಯ ಮೇಲೆ ಕೂತವರ ಕೂಗು. ಕೇಳಲು ಬಂದವರು ಸುಮ್ಮನೆ ಕೇಳಿ ಎದ್ದು ಹೋಗುತ್ತಿರಲಿಲ್ಲ, ಪಕ್ಷ ಹಿಡಿಯುತ್ತಿದ್ದರು. ಮದುವೆಯಲ್ಲಿ ಹೊಸ ಮದುಮಗಳನ್ನು ಬಾಗಿಲಲ್ಲೇ ತಡೆದು ‘ಗಂಡನ ಹೆಸರ ಹೇಳು’ ಎಂದು ಗಂಟುಬೀಳುವುದು, ಅವಳು ಒಡಪಿನಲ್ಲಿ ಕಟ್ಟಿ ಹೆಸರು ಹೇಳುವುದು ಇಂದಿಗೂ ಇದೆ. ಉಳಿದ ದಿನ ಗಂಡನ ಹೆಸರು ನೇರವಾಗಿ ಹೇಳಬಾರದ ಹೆಣ್ಣಿಗೆ ತುಂಬಿದ ಸಭೆಯಲ್ಲಿ ಪ್ರಾಸ ಕಟ್ಟಿ ಜಾಣ್ಮೆ ತೋರಿಸಲು ಸಮಾಜ ಬಿಟ್ಟಿದ್ದ ಕಿಂಡಿ ಅದು. ರೇಡಿಯೊದಲ್ಲಿ ನಿರೂಪಕಿ ‘ಒಂದ್ ಒಡಪು ಹೇಳ್ರಿ’ ಎಂದಾಗ ಚಿತ್ತಾಪುರ ಕಡೆಯ ಹಳ್ಳಿಯ ಅತ್ತಿಗೆ ಎರಡು ಕ್ಷಣ ನಾಚಿ, ಆಮೇಲೆ ತಟ್ಟನೆ ಹೇಳುತ್ತಾಳಲ್ಲ, ಅದು ತಮಾಷೆಯೇ ಹೌದು. ಅದೇ ಅತ್ತಿಗೆ ಗ್ರಾಮಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ನೀವು ನೋಡಿದ್ದೀರಾ? ಗ್ರಾಮಸಭೆಯಲ್ಲಿ ಅವಳನ್ನು ಹಿಂದೆ ಕೂಡಿಸುತ್ತಾರೆ. ಇಲ್ಲಿ ಒಲೆಯ ಮುಂದೆಯೇ ಕೂತು ಅವಳು ಸಭೆ ನಡೆಸುತ್ತಾಳೆ.

ಈಗ ಇನ್ನೊಂದು ತಮಾಷೆ. ನನ್ನ ಸಿಟ್ಟಿರುವುದು ಇದರ ಮೇಲೆ.

ಕೇಳುಗನ ಗೆಳೆಯನೋ ಭಾವನೋ ಒಂದು ನಂಬರ್ ಕಳಿಸುತ್ತಾನೆ. ನಿರೂಪಕ ಬ್ಯಾಂಕಿನವನೋ ಪೊಲೀಸೋ ಆಸ್ಪತ್ರೆಯವನೋ ಆಗಿ ಆ ನಂಬರಿಗೆ ಫೋನ್ ಮಾಡುತ್ತಾನೆ. ‘ನಿಮ್ಮ ಮ್ಯಾಲ ಕೇಸ್ ಆಗ್ಯದ’ ಅನ್ನುತ್ತಾನೆ. ಆ ಕಡೆಯವನು ಮೊದಲು ಗಾಬರಿಯಾಗುತ್ತಾನೆ, ಆಮೇಲೆ ಬೇಡಿಕೊಳ್ಳುತ್ತಾನೆ, ಕೊನೆಗೆ ಬೈಯುತ್ತಾನೆ. ಬೈಗುಳಕ್ಕೆ ಪೀಪಿ ಊದಿ, ಹಿಂದೆ ನಗೆಯ ದನಿ ತುಂಬಿ ಪ್ರಸಾರ ಮಾಡುತ್ತಾರೆ. ಮಹಾನಗರದ ಎಫ್‌ಎಂಗಳಲ್ಲಿ ಹುಟ್ಟಿದ ಈ ಮಾದರಿ ಈಗ ಎಲ್ಲೆಡೆ ಹಬ್ಬಿದೆ, ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡುತ್ತಾರೆ. ಎಷ್ಟು ಬಾರಿ ಗಮನಿಸಿದ್ದೀರಿ, ಕೋಡಂಗಿಯಾಗುವವನು ಹೆಚ್ಚಾಗಿ ಯಾರು? ಉತ್ತರ ಕರ್ನಾಟಕದ ಮಾತಾಡುವ ಆಟೊದವನು, ವಾಚ್‌ಮನ್, ಗಾರೆ ಕೆಲಸದವನು, ಊರಿಂದ ಹೊಸದಾಗಿ ಬಂದವನು. ಅವನ ಸಿಟ್ಟು ನಗೆಯ ಸರಕು, ಅದಕ್ಕಿಂತ ಹೆಚ್ಚಾಗಿ ಅವನ ಮಾತಿನ ಧಾಟಿಯೇ ಸರಕು. ಸಿನಿಮಾದವರು ನಮ್ಮ ಮಾತನ್ನು ಹಾಸ್ಯನಟನ ಬಾಯಿಗೆ ಕೊಟ್ಟು ಕೂತಿದ್ದಾರೆ. ಎಫ್‌ಎಂನವರಿಗೆ ನಟನೂ ಬೇಕಿಲ್ಲ, ಒಂದು ನಂಬರ್ ಇದ್ದರೆ ಸಾಕು.

ಪೊಲೀಸ್ ಎಂದು ಹೇಳಿ ಫೋನ್ ಮಾಡಿ ದುಡ್ಡು ಕೀಳುವ ಕಳ್ಳರಿಂದ ಮುದುಕರು ಗಂಟು ಕಳೆದುಕೊಳ್ಳುತ್ತಿರುವ ಈ ದಿನಗಳಲ್ಲಿ, ಅದೇ ಆಟವನ್ನು ಹಾಸ್ಯ ಎಂದು ಆಡಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

‘ಎಲ್ಲ ನಗೆಗಾಗಿ, ಯಾರಿಗೂ ತೊಂದರೆ ಆಗಿಲ್ಲ’ ಎನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ. ಜೆಸಿಂತಾ ಸಲ್ಡಾನ್ಹಾ. ನಮ್ಮದೇ ರಾಜ್ಯದ ಕರಾವಳಿಯವರು, ಲಂಡನ್ನಿನ ಕಿಂಗ್ ಎಡ್ವರ್ಡ್ VII ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 2012ರ ಡಿಸೆಂಬರ್ 4ರ ನಸುಕಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು ರಾಣಿ ಮತ್ತು ರಾಜಕುಮಾರ ಚಾರ್ಲ್ಸ್ ಎಂದು ನಟಿಸಿ ಆ ಆಸ್ಪತ್ರೆಗೆ ಫೋನ್ ಮಾಡಿದರು. ಅಲ್ಲಿ ದಾಖಲಾಗಿದ್ದ ಗರ್ಭಿಣಿ ಕೇಟ್ ಮಿಡಲ್‌ಟನ್ ಹೇಗಿದ್ದಾರೆ ಎಂದು ವಿಚಾರಿಸಿದರು. ಸ್ವಾಗತದಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಜೆಸಿಂತಾ ಫೋನ್ ಎತ್ತಿದರು, ನಂಬಿದರು, ವಾರ್ಡಿಗೆ ಕನೆಕ್ಟ್ ಮಾಡಿದರು. ಅವರು ಮಾಡಿದ್ದು ಅಷ್ಟೇ. ಆ ಕರೆ ಜಗತ್ತಿನಾದ್ಯಂತ ಪ್ರಸಾರವಾಯಿತು, ಜಗತ್ತೇ ನಕ್ಕಿತು. ಡಿಸೆಂಬರ್ 7ರಂದು ಅವರು ತಮ್ಮ ಜೀವ ತೆಗೆದುಕೊಂಡರು. ಉಡುಪಿ ಜಿಲ್ಲೆಯ ಶಿರ್ವದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಒಂದು ಸಾವಿಗೆ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಆ ನಗೆಯಲ್ಲಿ ಜೆಸಿಂತಾ ಪಾಲುದಾರರಾಗಿರಲಿಲ್ಲ, ಅವರನ್ನು ಯಾರೂ ಕೇಳಿರಲಿಲ್ಲ. ಒಪ್ಪಿಗೆಯಿಲ್ಲದೆ ಮುದ್ರಿಸಿದ ಮಾತು ಪ್ರಸಾರ ಮಾಡಿದ್ದರ ಮೇಲೆ ಅಲ್ಲಿನ ಪ್ರಸಾರ ನಿಯಂತ್ರಣ ಪ್ರಾಧಿಕಾರ ಮತ್ತು ರೇಡಿಯೊ ಸಂಸ್ಥೆ ಕೋರ್ಟಿನಲ್ಲಿ ಸೆಣಸಿದವು. 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ, ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟಿತು.

ಇದನ್ನು ನಮ್ಮ ಐದು ಊರಿಗೆ ತಂದು ನೋಡಿ. ಬೆಂಗಳೂರಿನಲ್ಲಿ ಕೀಟಲೆಗೆ ಸಿಕ್ಕವನು ಕೋಟಿ ಜನರ ನಡುವೆ ಕರಗಿ ಹೋಗುತ್ತಾನೆ. ಇನ್ನೂರು ಮನೆಯ ಊರಿನಲ್ಲಿ ಕರಗುವುದು ಎಲ್ಲಿಗೆ? ಮರುದಿನ ಚಹಾದ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅವನ ಗಾಬರಿಯ ದನಿಯನ್ನೇ ಅನುಕರಿಸಿ ತೋರಿಸುತ್ತಾರೆ. ಹೆಣ್ಣುಮಗಳಾದರಂತೂ ಫೋನೇ ಮನೆಯವರ ವಶವಾಗುತ್ತದೆ. ಸ್ಥಳೀಯ ರೇಡಿಯೊದಲ್ಲಿ ಹೆಸರಿಲ್ಲದ ಮನುಷ್ಯ ಇರುವುದಿಲ್ಲ. ಅದಕ್ಕೇ ಅಲ್ಲಿನ ತಮಾಷೆಗೆ ಬೇರೆ ಮರ್ಯಾದೆ ಇರಬೇಕು. ಫೋನ್ ಕೇಳುಗನೇ ಹಚ್ಚಬೇಕು, ನಗೆ ಅವನೇ ಶುರು ಮಾಡಬೇಕು ಅಥವಾ ಅವನಿಗೆ ಗೊತ್ತಿದ್ದು ನಡೆಯಬೇಕು. ಒಡಪು ಹೇಳುವವಳಿಗೂ ಕೀಟಲೆಗೆ ಸಿಕ್ಕವಳಿಗೂ ಇರುವ ವ್ಯತ್ಯಾಸ ಕಾಣದವರು ಎರಡನ್ನೂ ‘ಟೈಂಪಾಸ್’ ಎಂಬ ಒಂದೇ ಬುಟ್ಟಿಗೆ ಹಾಕುತ್ತಾರೆ. ಗಂಭೀರ ಮಂದಿಯೂ, ಕೀಟಲೆ ಮಂದಿಯೂ ಒಂದಾಗುವುದು ಇಲ್ಲಿಯೇ. ಒಬ್ಬನಿಗೆ ಕೇಳುಗ ದಡ್ಡ, ತಿದ್ದಬೇಕು. ಇನ್ನೊಬ್ಬನಿಗೂ ಕೇಳುಗ ದಡ್ಡ, ಆಡಿಸಬೇಕು.

ಮಾತಿನ ಧಾಟಿಯ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಸೇಡಂ ತಾಲೂಕಿನ ಮಳಖೇಡ ಕಾಗಿಣಾ ದಂಡೆಯ ಮೇಲಿದೆ. ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಆಗಲೇ ಕನ್ನಡ ಒಂದೇ ಬಗೆಯದಲ್ಲ, ಸೀಮೆಗೊಂದು ಬಗೆಯದು ಎಂದು ಗುರುತಿಸಿತ್ತು. ಆ ನೆಲದ ಮನುಷ್ಯ ಇವತ್ತು ರೇಡಿಯೊಕ್ಕೆ ಫೋನ್ ಹಚ್ಚಿ ‘ಹ್ಯಾಂಗಿದ್ದೀರ್ರಿ’ ಅಂದರೆ, ಅತ್ತ ಕಡೆಯವನು ಅದನ್ನೇ ಎಳೆದು, ಉಬ್ಬಿಸಿ, ತಿರುಗಿ ಅವನಿಗೇ ಹೇಳಿ ನಗುತ್ತಾನೆ! ಇದರ ಜೊತೆ ಚಿತ್ತಾಪುರ, ಶಹಾಬಾದಿನ ಓಣಿಗಳ ದಖನಿ ಉರ್ದು ಇದೆ, ತಾಂಡೂರಿಗೆ ತಾಗಿದ ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳ ತೆಲುಗು ಇದೆ, ತಾಂಡಾಗಳ ಲಂಬಾಣಿ ಇದೆ. ಒಬ್ಬನೇ ಕೇಳುಗ ಒಂದು ನಿಮಿಷದಲ್ಲಿ ಮೂರು ಭಾಷೆ ದಾಟುತ್ತಾನೆ. ಒಳ್ಳೆಯ ನಿರೂಪಕ ಅವನ ಜೊತೆ ದಾಟುತ್ತಾನೆ, ಕೆಟ್ಟವನು ‘ಕನ್ನಡದಾಗ ಮಾತಾಡ್ರಿ’ ಅನ್ನುತ್ತಾನೆ. ನಮ್ಮೂರಿನವರಲ್ಲೇ ಮೈಕ್ ಸಿಕ್ಕ ಕೂಡಲೇ ಬೆಂಗಳೂರಿನ ಧಾಟಿ ಹಿಡಿಯುವವರಿದ್ದಾರೆ. ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕರಿಗೆ ತಿಂಗಳಿಗೆ 6 ಪಾಳಿ ಸಿಕ್ಕರೆ ಹೆಚ್ಚು. ಹೊಟ್ಟೆಪಾಡಿನ ಹೆದರಿಕೆ ಇರುವವನಿಗೆ ತನ್ನ ಅವ್ವನ ಮಾತಿನಲ್ಲಿ ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು?

ಇನ್ನು ಗೋಪುರಗಳ ವಿಷಯ. 2023ರ ಏಪ್ರಿಲ್ 28ರಂದು ಪ್ರಧಾನಿಯವರು ದೇಶದಲ್ಲಿ 100 ವ್ಯಾಟಿನ 91 ಎಫ್‌ಎಂ ಪ್ರೇಷಕಗಳನ್ನು ಒಂದೇ ಸಲಕ್ಕೆ ಉದ್ಘಾಟಿಸಿದರು. ಅತ್ತ ಮಧ್ಯಮ ತರಂಗದ ಹಳೆಯ ಪ್ರೇಷಕಗಳನ್ನು ದೇಶದ ಹಲವೆಡೆ ಒಂದೊಂದಾಗಿ ಮುಚ್ಚುತ್ತಿದ್ದಾರೆ. ಸಣ್ಣ ಊರಿಗೆ ಎಫ್‌ಎಂ ಬಂದರೆ ಬೇಡವೆನ್ನುವವನು ನಾನಲ್ಲ. ಆದರೆ ಇಂಥ ಮರುಪ್ರಸಾರದ ಗೋಪುರದ ಬುಡದಲ್ಲಿ ಸ್ಟುಡಿಯೊ ಇರುವುದಿಲ್ಲ, ಫೋನ್ ಇರುವುದಿಲ್ಲ, ಎತ್ತುವವರೂ ಇರುವುದಿಲ್ಲ. ಬೇರೆಲ್ಲೋ ಆಡಿದ ಮಾತನ್ನು ಹಿಡಿದು ಊರಿನ ಮೇಲೆ ಸುರಿಯುವುದಷ್ಟೇ ಅದರ ಕೆಲಸ. ಬಾಯಿ ಇದೆ, ಕಿವಿ ಇಲ್ಲ. ಮಧ್ಯಮ ತರಂಗ ಹೊಲ ಗುಡ್ಡ ದಾಟಿ ದೂರ ಹೋಗುತ್ತಿತ್ತು. ಎಫ್‌ಎಂ ಕಣ್ಣಳತೆಯ ನೇರಕ್ಕೆ ಹೋಗುವ ಅಲೆ. ಕಲಬುರಗಿಯಿಂದ ಮೂವತ್ತು ಕಿಲೋಮೀಟರಿನ ಒಳಗಿರುವ ಶಹಾಬಾದಿಗೆ ಕೇಳಿದ್ದು ಎಂಬತ್ತು ಕಿಲೋಮೀಟರಿನಾಚೆ ಗುಡ್ಡ ಕಾಡಿನ ನಡುವಿನ ಚಿಂಚೋಳಿಗೆ ಹಾಗೆಯೇ ಕೇಳುವುದಿಲ್ಲ. ಖಾಸಗಿಯವರು ಬಂದಾರೆಂದು ಕಾಯುವುದೂ ವ್ಯರ್ಥ. ಮೂರನೇ ಹಂತದ ಹರಾಜಿನಲ್ಲಿ ಲಕ್ಷ ಜನಸಂಖ್ಯೆಯ ಮೇಲಿನ ಊರುಗಳನ್ನೇ ನೋಡಿದ್ದಾರೆ. 2011ರ ಜನಗಣತಿಯಲ್ಲಿ ನಮ್ಮ ಐದೂ ಊರುಗಳಲ್ಲಿ ಒಂದೂ ಅರ್ಧ ಲಕ್ಷ ಮುಟ್ಟಿಲ್ಲ.

ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಅಂದರೆ ಅದೂ ಒಂದು ಆಟದ ನೆಪದಲ್ಲಿ! ಕೋಲಾರ ಜಿಲ್ಲೆಯ ಬೂದಿಕೋಟೆಯವರು ಲೈಸೆನ್ಸ್ ಸಿಗದ ಕಾಲದಲ್ಲಿ ‘ನಮ್ಮ ಧ್ವನಿ’ಯನ್ನು ಕೇಬಲ್ ಎಳೆದು ಮನೆಮನೆಗೆ ಕೇಳಿಸಿದರು. ಎನ್‌ಜಿಒಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ಮಾರ್ಗಸೂಚಿ. ಅದನ್ನು ಓದದವರು ಒಮ್ಮೆ ಓದಿ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿಯೇ ತಯಾರಾಗಬೇಕು ಮತ್ತು ಅದರಲ್ಲಿ ಅಲ್ಲಿನ ಜನ ಭಾಗವಹಿಸಬೇಕು ಎನ್ನುತ್ತದೆ ಅದು. ಕಾರ್ಯಕ್ರಮ ಸ್ಥಳೀಯ ಭಾಷೆಯಲ್ಲಿ, ಉಪಭಾಷೆಯಲ್ಲಿ ಇದ್ದರೆ ಒಳ್ಳೆಯದು ಎನ್ನುತ್ತದೆ. ಅಂದರೆ ನಮ್ಮ ‘ಹ್ಯಾಂಗಿದ್ದೀರ್ರಿ’ಗೆ ದಿಲ್ಲಿಯ ಕಾಗದದಲ್ಲಿ ಮನ್ನಣೆ ಇದೆ, ನಮ್ಮ ತರಗತಿಯಲ್ಲಿ ಇರಲಿಲ್ಲ. ಕಲಬುರಗಿ ನಗರದಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಅಂತರವಾಣಿ 90.8 ಇದೆ. ಸಮುದಾಯ ಬಾನುಲಿಯ 100 ವ್ಯಾಟ್ ಮಿತಿಯಲ್ಲಿ ದನಿ ಹತ್ತು ಕಿಲೋಮೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಅದು ನಗರದ್ದು. ಸೇಡಂಗೆ ಅದು ಕೇಳದು, ಕೇಳಬೇಕಾಗಿಯೂ ಇಲ್ಲ. ಸೇಡಂ ಸೇಡಂನ ಮಾತು ಕೇಳಬೇಕು.

ಇದೇ ಮಾರ್ಗಸೂಚಿಯಲ್ಲಿ ಸುದ್ದಿಯ ನಿಷೇಧವೂ ಇದೆ ಎಂದು ನೀವು ಹೇಳುತ್ತೀರಿ. ಹೌದು, ಆ ನಿಷೇಧದ ವಿರುದ್ಧ ನಾವು ಬರೆಯಬೇಕು, ಕೋರ್ಟಿಗೂ ಹೋಗಬೇಕು. ಅದು ತೆಗೆಯುವವರೆಗೆ ಬಾಯಿ ಮುಚ್ಚಿ ಕೂರಬೇಕೇ? ನಮ್ಮ ಬಳಿ ಒಡಪು ಇದೆ, ಒಗಟಿದೆ, ಹರದೇಶಿ-ನಾಗೇಶಿಯ ಸವಾಲ್-ಜವಾಬ್ ಇದೆ, ಕಡಕ್ ಅಂಗಿಯ ಅಕ್ಕ ಇದ್ದಾಳೆ. ಗಂಭೀರ ಚರ್ಚೆ ಬೇಕೆನ್ನುವ ಗೆಳೆಯರು ಇಡಲಿ, ನಾನೂ ಕೇಳುತ್ತೇನೆ. ಆದರೆ ಆ ಚರ್ಚೆಯಲ್ಲಿ ತಜ್ಞರು ಮೂವರು, ಫೋನಿಗೆ ಕೊನೆಯ ಐದು ನಿಮಿಷ ಎಂದಿದ್ದರೆ ಕರೆ ಯಾಕೆ ಬರಲಿಲ್ಲ ಎಂದು ಆಮೇಲೆ ನನ್ನನ್ನು ಕೇಳಬೇಡಿ.

2006ರ ಮಾರ್ಗಸೂಚಿಯಂತೆ ಅರ್ಜಿಯ ಶುಲ್ಕ 2500 ರೂಪಾಯಿ, ಬ್ಯಾಂಕ್ ಗ್ಯಾರಂಟಿ 25,000. ಮೂರು ವರ್ಷ ಹಳೆಯ ನೋಂದಾಯಿತ ಸಂಸ್ಥೆಯಾದರೆ ಅರ್ಜಿ ಹಾಕಬಹುದು, ಕಾಲೇಜು ಹಾಕಬಹುದು, ಕೃಷಿ ವಿಜ್ಞಾನ ಕೇಂದ್ರ ಹಾಕಬಹುದು. ಗೋಪುರ 30 ಮೀಟರ್ ದಾಟಬಾರದು. ಸಿಮೆಂಟು ನಮ್ಮಲ್ಲೇ ಆಗುತ್ತದೆ, ಕಲ್ಲು ನಮ್ಮದೇ. ಸೇಡಂ, ಚಿತ್ತಾಪುರದ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ನಮ್ಮ ಬಳಗದವರು ಈ ಬರಹಕ್ಕೆ ಉತ್ತರ ಬರೆಯುವಾಗ, ಫೋನ್-ಇನ್ ಒಳ್ಳೆಯದೋ ಕೆಟ್ಟದ್ದೋ ಎಂಬುದರ ಜೊತೆಗೆ ನಿಮ್ಮ ಆಡಳಿತ ಮಂಡಳಿ ಅರ್ಜಿ ಹಾಕಲು ಏನನ್ನುತ್ತದೆ ಎಂದೂ ಬರೆಯಿರಿ.